ಆಟಿ ಕಳೆದ ಮೇಲೆ ಕೊಟ್ಟ ಬಳೆ

ಅಮ್ಮನ ಕೈಯಿಂದ ಬಳೆ ತೆಗೆದದ್ದು ನನ್ನ ತಂಗಿ. ಉಡುಪಿಯ ಚಿನ್ನದ ಅಂಗಡಿಯ ಹಿಂದೆ ಒಂದು ನೀರಿನ ನಲ್ಲಿ ಇತ್ತು. ಅಲ್ಲಿ ಅಮ್ಮನನ್ನು ಕೂರಿಸಿ, ಅಂಗಡಿಯವರು ಕೊಟ್ಟ ಸೋಪಿನ ತುಂಡನ್ನು ಮಣಿಕಟ್ಟಿಗೆ ಉಜ್ಜಿ, ಹಲ್ಲು ಕಚ್ಚಿಕೊಂಡು ಎಳೆದಳು. ಒಂದು ಬಂತು, ಎರಡನೆಯದಕ್ಕೆ ಅಮ್ಮ ಕೂಗಿಕೊಂಡಳು, ಮೂವರಿಗೂ ನಗು ಬಂತು. ನಾನಾಗ ಸಿಡ್ನಿಗೆ ಓದಲು ಹೊರಟವನು. ಮೊದಲ ಸೆಮಿಸ್ಟರಿನ ಫೀಸಿಗೆ ಕಡಿಮೆ ಬಿದ್ದಿತ್ತು. ಬಳೆ ಮಾರಿ ಬಂದ ಹಣದಲ್ಲಿ ಉಳಿದ ಚಿಲ್ಲರೆಗೆ ಮೂವರೂ ಗೋಳಿಬಜೆ ತಿಂದು ಬಸ್ಸು ಹತ್ತಿದೆವು. ತಂಗಿಗೆ ಆಗ ಹದಿನಾರು ವರ್ಷ. ಅವಳ ಕೈ ಊರಿಗೆ ಬರುವ ತನಕ ಸೋಪಿನ ವಾಸನೆ ಹೊಡೆಯುತ್ತಿತ್ತು.

ಇದರಲ್ಲಿ ದೊಡ್ಡ ಸಂಗತಿ ಏನು ಎಂದು ಕೇಳುವವರಿಗೆ ನಮ್ಮ ಕಟ್ಟನ್ನು, ಅಂದರೆ ಕುಲದ ಪದ್ಧತಿಯನ್ನು, ಹೇಳಬೇಕು. ನಮ್ಮಲ್ಲಿ ಮನೆತನ ಹೆಣ್ಣಿನ ಕಡೆಯಿಂದ ಬರುತ್ತದೆ. ತಾಯಿಯ ಚಿನ್ನ ಮಗಳಿಗೆ, ಮಗಳಿಂದ ಅವಳ ಮಗಳಿಗೆ. ಗಂಡುಮಕ್ಕಳು ನೋಡಿ ಸಂತೋಷಪಡಬಹುದು, ಅಷ್ಟೆ. ಅಜ್ಜಿಯ ಕೈಯಲ್ಲಿದ್ದ ಆ ಜೋಡಿ ಬಳೆ ಅಮ್ಮನ ಕೈಗೆ ಬಂದದ್ದು ಹಾಗೆ; ಮುಂದೆ ತಂಗಿಯ ಕೈಗೆ ಹೋಗಬೇಕಿತ್ತು. ನಾನು ನಡುವೆ ನುಗ್ಗಿ ಅದನ್ನು ಒಂದು ಸೆಮಿಸ್ಟರ್ ಮಾಡಿ ಮುಗಿಸಿಬಿಟ್ಟೆ.

ಕೆಲಸ ಸಿಕ್ಕ ಮೊದಲ ವರ್ಷವೇ ಬಳೆ ಮಾಡಿಸಿ ಕಳಿಸುವುದೆಂದು ತೀರ್ಮಾನಿಸಿದ್ದೆ. ಮ್ಯಾಕ್ವೆರಿ ಪಾರ್ಕಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಸ್ವಲ್ಪ ಹಣ ಕೂಡಿದ ಮೇಲೆ ಹ್ಯಾರಿಸ್ ಪಾರ್ಕಿನ ಚಿನ್ನದ ಅಂಗಡಿಗೆ ಹೋಗಿ ರೇಟು ಕೇಳಿದೆ. ಅವರು ಚಿನ್ನಕ್ಕೆ ಒಂದು ಹೇಳಿದರು, ಮಜೂರಿಗೆ ಇನ್ನೊಂದು ಹೇಳಿದರು, ನಾನು ನೀರು ಕುಡಿದು ಹೊರಗೆ ಬಂದೆ. ಮರುದಿನ ಊಟದ ಹೊತ್ತಿಗೆ ಲ್ಯಾಬಿನ ಹಿರಿಯ ಸಹೋದ್ಯೋಗಿಯೊಬ್ಬರ ಹತ್ತಿರ ಇದನ್ನು ಹೇಳಿಕೊಂಡೆ. ಹಣ ಸುಮ್ಮನೆ ಬ್ಯಾಂಕಿನಲ್ಲಿ ಇಡುವ ಬದಲು ಒಂದು ವರ್ಷ ಶೇರಿನಲ್ಲಿ ಇಡು ಎಂದರು ಅವರು. ಯಾವ ಶೇರು? ನನಗೆ ಗೊತ್ತಿದ್ದದ್ದು ಒಂದೇ ಕಂಪನಿ: ನಾನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ಪ್ಲಾಸ್ಟಿಕ್ ಟ್ಯೂಬುಗಳನ್ನು ಮಾಡುವವರು. ಅವರ ಮುನ್ನೂರು ಶೇರು ಕೊಂಡೆ. ಒಂದು ವರ್ಷ ಎಂದುಕೊಂಡದ್ದು, ಇಲ್ಲಿ ಕಾಯಂ ಉಳಿಯಲು ಬೇಕಾದ ಪಿಆರ್, ಮದುವೆ, ಕ್ವೇಕರ್ಸ್ ಹಿಲ್ಲಿನ ಮನೆ, ಅದರ ಮಾರ್ಟ್‌ಗೇಜ್ ಎಂದು ಮರೆತೇಹೋಯಿತು. ನೆನಪಾಗಿ ತೆರೆದು ನೋಡುವಾಗ ಹಾಕಿದ್ದು ಎಂಟು ಪಟ್ಟು ಬೆಳೆದು ಕೂತಿತ್ತು. ಇದರಲ್ಲಿ ನನ್ನ ಬುದ್ಧಿವಂತಿಕೆ ಏನೂ ಇಲ್ಲ. ಮರೆತದ್ದು ಮಾತ್ರ ನನ್ನದು.

ಅಷ್ಟರಲ್ಲಿ ತಂಗಿಯೂ ನರ್ಸ್ ಆಗಿ ಮೆಲ್ಬರ್ನಿಗೆ ಬಂದು, ಕ್ರಾನ್‌ಬರ್ನ್‌ನಲ್ಲಿ ಮನೆ ಮಾಡಿ, ಅವಳಿಗೊಬ್ಬಳು ಮಗಳೂ ಹುಟ್ಟಿದ್ದಳು. ನಾನು ಪ್ರತಿ ಭಾನುವಾರ ಬೆಳಿಗ್ಗೆ ತಂಗಿಗೆ ಫೋನ್ ಮಾಡುತ್ತೇನೆ. ಮೊದಲು ಹವೆ, ಆಮೇಲೆ ತಿಂಡಿ, ಕೊನೆಗೆ ಬಳೆ. ಬಳೆ ಎಂದ ಕೂಡಲೇ ಅವಳು, "ಶುರುವಾಯ್ತಾ ನಿಂದು? ನಾನು ಫೋನ್ ಇಡ್ತೇನೆ" ಎನ್ನುತ್ತಾಳೆ. ಇಡುವುದೂ ಇಡುತ್ತಾಳೆ.

ಒಂದು ಸಲ ಹೇಳದೆ ಕೇಳದೆ ಒಂದು ಬಳೆ ಕೊಂಡು, ಹೆಂಡತಿಯ ಜೊತೆ ಕ್ರಾನ್‌ಬರ್ನ್‌ಗೇ ಹೋದೆ. ಒಂದೇ, ಜೋಡಿಗೆ ಶಕ್ತಿ ಇರಲಿಲ್ಲ. ಡಬ್ಬಿ ತೆರೆದು ನೋಡಿದಳು, ತುಂಬಾ ಚಂದ ಉಂಟು ಎಂದಳು, ನನ್ನ ಹೆಂಡತಿಯನ್ನು ಕರೆದು ಅವಳ ಕೈಗೇ ಹಾಕಿಬಿಟ್ಟಳು. "ನಿಮಗೇ ಒಪ್ಪುದು ಅತ್ತಿಗೆ, ಇದನ್ನು ತೆಗಿಬೇಡಿ." ನನ್ನ ಹೆಂಡತಿ ಮೈಸೂರಿನ ಕಡೆಯವಳು, ದಾಕ್ಷಿಣ್ಯದವಳು, ಇವತ್ತಿನ ತನಕ ತೆಗೆದಿಲ್ಲ.

ಹಾಗಾಗಿ ಬೇರೆ ದಾರಿ ಹುಡುಕಬೇಕಾಯಿತು. ತಂಗಿಗೆ ಕೊಟ್ಟರೆ ತಾನೆ ಬೇಡ ಎನ್ನುವುದು? ಅವಳ ಮಗಳಿಗೆ ಕೊಟ್ಟರೆ? ನಾನು ಸೋದರಮಾವ. ನಮ್ಮ ಕಟ್ಟಿನಲ್ಲಿ ಸೋದರಮಾವ ಕೊಟ್ಟದ್ದನ್ನು ಬೇಡ ಎನ್ನುವ ಪದ್ಧತಿ ಇಲ್ಲ. ಆ ಶೇರು ಬಳೆಗೆಂದೇ ಕೊಂಡದ್ದು. ಮಾರಿ ಹಣ ಮಾಡುವುದೂ ಬೇಡ, ಬೆಳೆದಿರುವ ಹಾಗೇ ಮಗುವಿಗೆ ಹೋಗಲಿ, ಅವಳು ದೊಡ್ಡವಳಾಗುವಾಗ ಇನ್ನೂ ಬೆಳೆದಿರಲಿ ಎಂದು ಲೆಕ್ಕ ಹಾಕಿದೆ.

ಜುಲೈ ತಿಂಗಳ ಮೊದಲ ವಾರ ಹೆಂಡತಿಯನ್ನು ಕರೆದುಕೊಂಡು ಅಕೌಂಟೆಂಟ್ ಹತ್ತಿರ ಹೋದೆ. ಅವರು ಸಾವಧಾನವಾಗಿ ವಿವರಿಸಿದರು. ಹತ್ತು ವರ್ಷದ ಮಗುವಿನ ಹೆಸರಿಗೇ ಶೇರು ಬರೆಯಲಿಕ್ಕೆ ಆಗುವುದಿಲ್ಲ. ತಾಯಿಯೋ ತಂದೆಯೋ ಟ್ರಸ್ಟಿಯಾಗಿ, ಮಗುವಿನ ಪರವಾಗಿ ಒಂದು ಖಾತೆ ತೆರೆಯಬೇಕು. ಖಾತೆಯ ಮೇಲೆ ತಾಯಿಯ ಹೆಸರು, ಒಳಗಿರುವುದು ಮಗುವಿನದು. ಹದಿನೆಂಟು ತುಂಬಿದ ಮೇಲೆ ಮಗಳ ಹೆಸರಿಗೇ ಮಾಡಿಕೊಡಬೇಕು. ನಡುವೆ ತಾಯಿ ಅದನ್ನು ತನ್ನ ಖರ್ಚಿಗೆ ಮುಟ್ಟುವ ಹಾಗಿಲ್ಲ. ಶೇರು ಆ ಖಾತೆಗೆ ಹೋಗಬೇಕಾದರೆ ಫಾರ್ಮಿನಲ್ಲಿ ಕೊಡುವವನ ಸಹಿಯೂ ಬೇಕು, ತೆಗೆದುಕೊಳ್ಳುವ ಟ್ರಸ್ಟಿಯ ಸಹಿಯೂ ಬೇಕು.

"ಅಂದ್ರೆ ನನ್ನ ನಾದಿನಿ ಸೈನ್ ಹಾಕ್ಬೇಕು" ಎಂದಳು ಹೆಂಡತಿ, ನನ್ನ ಮುಖ ನೋಡಿ.

"ಹೌದು" ಎಂದರು ಅಕೌಂಟೆಂಟ್. "ಇನ್ನೊಂದು ವಿಷಯ. ನೀವು ಸುಮ್ಮನೆ ಕೊಟ್ಟರೂ, ಆ ದಿನದ ಬೆಲೆಗೆ ಮಾರಿದ ಹಾಗೆಯೇ ಲೆಕ್ಕ. ಇಷ್ಟು ವರ್ಷದಲ್ಲಿ ಬೆಳೆದದ್ದರ ಅರ್ಧಕ್ಕೆ ನೀವು ಟ್ಯಾಕ್ಸ್ ಕಟ್ಟಬೇಕಾಗುತ್ತದೆ."

"ಮಾರಿದ್ರೆ ದುಡ್ಡು ಬರತ್ತೆ, ಅದಕ್ಕೆ ಟ್ಯಾಕ್ಸು. ಕೊಟ್ರೆ ಏನೂ ಬರಲ್ಲ, ಅದಕ್ಕೂ ಟ್ಯಾಕ್ಸಾ?" ಎಂದಳು ಹೆಂಡತಿ.

ಅಕೌಂಟೆಂಟ್ ನಕ್ಕರು. ಹೆಂಡತಿ ಕಾರಿನಲ್ಲಿ ಕೂತು ಫೋನಿನಲ್ಲಿ ಲೆಕ್ಕ ಹಾಕಿದಳು. ಹೊಸ ಸೋಫಾಕ್ಕೆ ಎಂದು ಇಟ್ಟದ್ದರಲ್ಲಿ ಅರ್ಧ ಹೋದರೆ ಆಗುತ್ತದೆ, ಚಿಕ್ಕ ಸೋಫಾ ತರೋಣ ಎಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕತೆ ಜುಲೈಯಲ್ಲಿಯೇ ಮುಗಿಯುತ್ತಿತ್ತು.

ಅಮ್ಮ ಆಗ ಕ್ರಾನ್‌ಬರ್ನ್‌ನಲ್ಲಿದ್ದಳು, ಮೊಮ್ಮಗಳ ಜೊತೆ ಆರು ತಿಂಗಳು ಇದ್ದು ಹೋಗಲು ಬಂದಿದ್ದಳು. ಜುಲೈ ಮೂರನೆಯ ವಾರ ಫಾರ್ಮುಗಳು ತಯಾರಾದಾಗ ತಂಗಿ ಡ್ಯೂಟಿಗೆ ಹೋದ ಹೊತ್ತು ನೋಡಿ ಅಮ್ಮನಿಗೆ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿದ ಮೇಲೆ, "ಒಳ್ಳೇದು ಮಗಾ. ಯಾವಾಗ ಕೊಡುದು?" ಎಂದಳು.

"ಈ ಶನಿವಾರ ಬರ್ತೇವೆ."

"ಇದು ಯಾವ ತಿಂಗಳು ಗೊತ್ತುಂಟಾ?"

"ಜುಲೈ."

"ಆಟಿ! ಆಟಿಯಲ್ಲಿ ಯಾರಾದ್ರೂ ಚಿನ್ನ ಕೊಡ್ತಾರಾ?"

ಆಟಿ ಎಂದರೆ ತುಳುವರ ಕಷ್ಟದ ತಿಂಗಳು. ಮಳೆ ಸುರಿದು ಕೆಲಸ ನಿಂತು, ಮನೆಯಲ್ಲಿದ್ದದ್ದನ್ನು ಉಳಿಸಿಕೊಂಡು ತಿನ್ನುವ ಕಾಲ. ಮದುವೆ, ಗೃಹಪ್ರವೇಶ, ಕೊಡು-ಕೊಳ್ಳು ಯಾವುದೂ ಇಲ್ಲ. ಆಗಸ್ಟ್ ಮಧ್ಯದಲ್ಲಿ ಸೋಣ ತಿಂಗಳು ಹುಟ್ಟಿದ ಮೇಲೆಯೇ ಶುಭ ಕಾರ್ಯ.

"ಅಮ್ಮ, ಇದು ಶೇರು. ಇಲ್ಲಿ ಚಳಿಗಾಲ. ಆಸ್ಟ್ರೇಲಿಯಾಕ್ಕೆ ಆಟಿ ಬರ್ತದಾ?"

"ನನಗೆ ಬರ್ಲಿಕ್ಕೆ ವೀಸಾ ಬೇಕಾಯ್ತು. ಆಟಿಗೆ ಎಂತ ವೀಸಾ?"

ನನಗೆ ಮಾತು ಕಲಿಸಿದವಳೇ ಅಮ್ಮ. ಅವಳ ಎದುರು ಗೆದ್ದ ದಾಖಲೆ ಇಲ್ಲ. ಇಪ್ಪತ್ತು ವರ್ಷ ಕಾದದ್ದಕ್ಕೆ ಇನ್ನು ನಾಲ್ಕು ವಾರ ಹೆಚ್ಚಲ್ಲ ಎಂದುಕೊಂಡು ಫಾರ್ಮುಗಳನ್ನು ಕಪಾಟಿನಲ್ಲಿ ಇಟ್ಟೆ. ತಂಗಿಗೆ ಹೇಳುವುದಿಲ್ಲ ಎಂದು ಅಮ್ಮ ಮಾತು ಕೊಟ್ಟಳು.

ಆಟಿ ಅಮಾವಾಸ್ಯೆಗೆ ಕ್ರಾನ್‌ಬರ್ನ್‌ನಲ್ಲಿ ಆ ದಿನ ಕುಡಿಯಲೇಬೇಕಾದ ಕಹಿ ಕಷಾಯವೂ ಆಯಿತಂತೆ. ಪಾಲೆ ಮರದ ತೊಗಟೆ ಸಿಗಲಿಲ್ಲವೆಂದು ಅಮ್ಮ ಕಾಳುಮೆಣಸು, ಮೆಂತ್ಯ, ಬೆಳ್ಳುಳ್ಳಿ ಸೇರಿಸಿ ತನ್ನದೇ ಒಂದನ್ನು ಕುದಿಸಿದಳು. ಮೊಮ್ಮಗಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅರ್ಧ ಗಂಟೆ ಹೊರಗೆ ಬರಲಿಲ್ಲ. ಭಾನುವಾರದ ಫೋನಿನಲ್ಲಿ ಇದೆಲ್ಲ ಕೇಳಿ ನಕ್ಕೆ. ಆ ನಾಲ್ಕು ಭಾನುವಾರ ನಾನು ಬಳೆಯ ಸುದ್ದಿ ಎತ್ತಲಿಲ್ಲ. ನಾಲ್ಕನೆಯ ವಾರ ತಂಗಿಯೇ, "ಎಂತ ಅಣ್ಣ, ಹುಷಾರಿಲ್ವಾ?" ಎಂದು ಕೇಳಿದಳು.

ಸೋಣ ಹುಟ್ಟಲು ಎರಡು ದಿನ ಇತ್ತು. ಆಗಸ್ಟ್ ಎಂದರೆ ಇಲ್ಲಿ ಕಂಪನಿಗಳು ತಮ್ಮ ವರ್ಷದ ಫಲಿತಾಂಶ ಹೇಳುವ ಕಾಲ. ಶೇರಿಟ್ಟವನಿಗೆ ಇದು ಗೊತ್ತಿರಬೇಕು. ನನಗೂ ಎಲ್ಲೋ ಗೊತ್ತಿತ್ತು. ಆದರೆ ಆಟಿಯ ಲೆಕ್ಕದಲ್ಲಿ ಮರೆತಿತ್ತು. ಮಧ್ಯಾಹ್ನ ಆಫೀಸಿನ ಕಾರ್ ಪಾರ್ಕಿನಲ್ಲಿ ಫೋನ್ ನೋಡುತ್ತೇನೆ, ನಮ್ಮ ಟ್ಯೂಬ್ ಕಂಪನಿ ಭಾರೀ ಲಾಭ ಮಾಡಿದೆ, ಶೇರು ಒಂದೇ ದಿನಕ್ಕೆ ಕಾಲು ಪಾಲು ಏರಿದೆ. ಲೋಕದಲ್ಲಿ ಮೊದಲ ಸಲ ಶೇರು ಏರಿದ್ದಕ್ಕೆ ತಲೆಗೆ ಕೈಯಿಟ್ಟುಕೊಂಡ ಮನುಷ್ಯ ನಾನೇ ಇರಬೇಕು. ಕೊಡುವ ದಿನದ ಬೆಲೆಗೆ ತಾನೆ ಟ್ಯಾಕ್ಸು!

ಸಂಜೆ ಹೆಂಡತಿಗೆ ಹೇಳಿದೆ. ಅವಳು ಮತ್ತೆ ಲೆಕ್ಕ ಹಾಕಿದಳು, ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು.

"ಚಿಕ್ಕ ಸೋಫಾನೂ ಹೋಯ್ತು ರೀ."

"ಈ ವರ್ಷ ಬಿಟ್ಟುಬಿಡೋಣ್ವಾ? ಇಳಿದ ಮೇಲೆ ಕೊಟ್ರಾಯ್ತು."

"ಇಳಿಯೋದನ್ನ ಕಾಯ್ಕೊಂಡು ಯಾರಾದ್ರೂ ಉಡುಗೊರೆ ಕೊಡ್ತಾರಾ? ಏರಿದ್ದು ಮಗೂಗೇ ಅಲ್ವಾ? ನಡೀರಿ." ಆಮೇಲೆ ಹಳೆಯ ಸೋಫಾದ ಮೇಲೆ ಕೂತು ಒಮ್ಮೆ ಕುಲುಕಿ ನೋಡಿದಳು. "ಇನ್ನೊಂದು ವರ್ಷ ತಡ್ಕೊಳತ್ತೆ. ಆ ಮೂಲೆಗೆ ಮಾತ್ರ ನೀವು ಕೂತ್ಕೋಬೇಡಿ."

ಸೋಣದ ಮೊದಲ ಶನಿವಾರ ಮುಂಜಾನೆಯ ವಿಮಾನ ಹತ್ತಿದೆವು. ಮೆಲ್ಬರ್ನಿನ ಏರ್‌ಪೋರ್ಟಿನಿಂದ ಕ್ರಾನ್‌ಬರ್ನ್ ತಲುಪಲು ಹೆಚ್ಚುಕಡಿಮೆ ವಿಮಾನದಷ್ಟೇ ಹೊತ್ತು ಬೇಕು. ನಾವು ಮುಟ್ಟುವಾಗ ತಂಗಿ ಅಡಿಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದಳು. ಬಾವ ಡ್ಯೂಟಿಗೆ ಹೋಗಿದ್ದ. ತಂಗಿಯ ಮಗಳು, ನನಗೆ ಸೊಸೆ, ಮೇಜಿನ ಹತ್ತಿರ ಕೂತು ದೋಸೆಗೆ ಕಾಯಿಬೆಲ್ಲ ಸುತ್ತಿ ತಿನ್ನುತ್ತಿದ್ದಳು. ಅಮ್ಮ ಜರಿ ಸೀರೆ ಉಟ್ಟಿದ್ದಳು. ಅದನ್ನು ನೋಡಿಯೇ ತಂಗಿಗೆ ಸಂಶಯ ಬಂದಿತ್ತು.

"ಇವತ್ತು ಎಂತ ಅಮ್ಮ, ಯಾರ ಮದುವೆ?"

ಅಮ್ಮ ಗಡಿಯಾರ ನೋಡಿದಳು. ಹತ್ತೂವರೆಗೆ ರಾಹುಕಾಲ ಮುಗಿಯುವ ತನಕ ನನ್ನನ್ನು ಬಾಯಿ ತೆರೆಯಲು ಬಿಡಲಿಲ್ಲ. ಆಮೇಲೆ ಇಂಡಿಯನ್ ಅಂಗಡಿಯಿಂದ ತಂದಿಟ್ಟ ವೀಳ್ಯದೆಲೆಗಳನ್ನು ತೊಳೆದು ತಟ್ಟೆಯಲ್ಲಿ ಹರಡಿ, ಒಂದು ಅಡಿಕೆ, ಒಂದು ಡಾಲರಿನ ನಾಣ್ಯ ಇಟ್ಟು, ಅದರ ಮೇಲೆ ನನ್ನ ಫಾರ್ಮು ಇಟ್ಟಳು. ಸಾಲದ್ದಕ್ಕೆ ಫಾರ್ಮಿನ ನೆತ್ತಿಗೆ ಒಂದು ಬೊಟ್ಟು ಕುಂಕುಮ.

"ಅತ್ತೆ! ಅದು ಲೀಗಲ್ ಡಾಕ್ಯುಮೆಂಟು!" ಎಂದು ನನ್ನ ಹೆಂಡತಿ ಕೂಗಿದಳು. ತಡವಾಗಿತ್ತು. ಎಲೆಯ ನೀರು ಆಗಲೇ ಮೇಲಕ್ಕೆ ಏರಿ ನನ್ನ ಸಹಿ ನೀಲಿಯಾಗಿ ಹರಡುತ್ತಿತ್ತು.

ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟೆ. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು, ಅಜ್ಜಿ ಹೇಳಿಕೊಟ್ಟದ್ದಿರಬೇಕು. ತಂಗಿ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದು ಬಗ್ಗಿ ಓದಿದಳು. ತನ್ನ ಹೆಸರು, ಮಗಳ ಹೆಸರು, ಮುನ್ನೂರು.

"ಇದು ಎಂತದ್ದು?"

"ಶೇರು. ಮಗುವಿಗೆ."

"ಶೇರಲ್ಲ ಇದು. ಬಳೆ. ನನಗೆ ಗೊತ್ತಾಗುದಿಲ್ಲ ಅಂತ ಮಾಡಿದಿಯಾ?"

"ನಿನಗಲ್ಲ ಮಾರಾಯ್ತಿ, ಅವಳಿಗೆ. ನೀನು ಟ್ರಸ್ಟಿ ಮಾತ್ರ. ಒಂದು ಸೈನ್ ಹಾಕಿದ್ರೆ ಆಯ್ತು."

"ನನ್ನ ಸೈನ್ ಇಲ್ಲದೆ ಆಗ್ತದಾ?"

"ಇಲ್ಲ."

"ಹಾಗಾದ್ರೆ ಆಗುದಿಲ್ಲ." ತಿರುಗಿ ಹೋಗಿ ದೋಸೆ ಹೊಯ್ದಳು.

"ನಾನು ಸೋಫಾ ಬಿಟ್ಟಿದ್ದೀನಿ ಕಣೇ ಇದಕ್ಕೆ!" ಎಂದಳು ನನ್ನ ಹೆಂಡತಿ.

ತಂಗಿ ತಿರುಗಿ ನೋಡಲಿಲ್ಲ. ಇಷ್ಟು ವರ್ಷದ ಭಾರ ಇಳಿಸಲು ಇದೇ ಕೊನೆಯ ದಾರಿಯಾಗಿತ್ತು. ಇದೂ ಮುಚ್ಚಿದರೆ ಮುಂದೆ ಏನು ಮಾಡುವುದೆಂದು ನಾನು ಯೋಚಿಸಿಯೇ ಇರಲಿಲ್ಲ. ಆಗ ಅಮ್ಮ ಕುರ್ಚಿ ಎಳೆದು ಕೂತಳು. ನನ್ನ ಹೆಂಡತಿಗೂ ತಿಳಿಯಲೆಂದು ತುಳು ಬಿಟ್ಟು ಕನ್ನಡದಲ್ಲಿಯೇ ತಂಗಿಗೆ ಹೇಳಿದಳು:

"ಆ ಬಳೆ ನಂದಾಗಿರ್ಲಿಲ್ಲ ಮಗಾ. ನನ್ನಮ್ಮ ನನ್ನ ಕೈಗೆ ಹಾಕುವಾಗ ಹೇಳಿದ್ದು, ನಿನಗೆ ಮಗಳು ಹುಟ್ಟಿ ದೊಡ್ಡವಳಾಗುವ ತನಕ ಇಟ್ಕೋ ಅಂತ. ನಾನು ಇಟ್ಕೊಳ್ಳಿಲ್ಲ, ಮಾರಿದೆ. ಇವ ಅಲ್ಲ ಮಾರಿದ್ದು, ನಾನು. ನಿನ್ನ ಪಾಲಿನದ್ದು ನೀನು ಬೇಡ ಹೇಳು, ಯಾರು ತಡಿತಾರೆ? ಅವಳ ಪಾಲಿನದ್ದು ಬೇಡ ಹೇಳ್ಲಿಕ್ಕೆ ನೀನು ಯಾರು?"

ಕಾವಲಿಯಿಂದ ಹೊಗೆ ಬರುತ್ತಿತ್ತು. ಸೊಸೆ ಬಾಯಿಯಲ್ಲಿದ್ದದ್ದನ್ನು ನುಂಗಿ ಇಂಗ್ಲಿಷಿನಲ್ಲಿ ಕೇಳಿದಳು: ಅಂದರೆ ಇದು ನನ್ನದು, ಆದರೆ ಅಮ್ಮನ ಹತ್ತಿರ ಇರುತ್ತದೆ. ನನ್ನ ಪಾಸ್‌ಪೋರ್ಟಿನ ಹಾಗೆಯಾ?

"ಎಂತ ಹೇಳುದು ಅವಳು?" ಎಂದಳು ಅಮ್ಮ. ನಾನು ಹೇಳಿದೆ. ಅಮ್ಮ ಮೊಮ್ಮಗಳ ಬೆನ್ನು ತಟ್ಟಿದಳು. "ಅದೇ! ಅಕೌಂಟೆಂಟಿಗೆ ದುಡ್ಡು ಯಾಕೆ ಕೊಟ್ಟದ್ದು ನೀನು?"

ತಂಗಿ ಸುಟ್ಟ ದೋಸೆಯನ್ನು ಕೆರೆದು ತೆಗೆದಳು. ಬೆನ್ನು ನಮ್ಮ ಕಡೆಗೇ ಇತ್ತು.

"ಅಣ್ಣ, ನೀನು ಭಾನುವಾರ ಭಾನುವಾರ ಫೋನ್ ಮಾಡುದು ಯಾಕೆ?"

"ಯಾಕೆ ಅಂದ್ರೆ? ಮಾತಾಡ್ಲಿಕ್ಕೆ."

"ಸುಳ್ಳು. ಹವೆ ಕೇಳ್ತಿ, ತಿಂಡಿ ಕೇಳ್ತಿ, ಬಳೆ ಕೇಳ್ಲಿಕ್ಕೆ. ಆಟಿಯಲ್ಲಿ ನಾಲ್ಕು ವಾರ ಬಳೆ ಸುದ್ದಿ ಇರ್ಲಿಲ್ಲ, ಐದು ನಿಮಿಷಕ್ಕೆ ಫೋನ್ ಇಟ್ಟೆ ನೀನು. ನಾನು ಗಡಿಯಾರ ನೋಡಿದ್ದೇನೆ. ಇದು ಮುಗಿದ್ರೆ ನಿನಗೆ ನನ್ನ ಹತ್ರ ಎಂತ ಕೆಲಸ ಉಂಟು?"

ಅವಳ 'ಫೋನ್ ಇಡ್ತೇನೆ' ಎಂಬುದು ಮುಂದಿನ ಭಾನುವಾರ ಮತ್ತೆ ಮಾಡು ಎಂಬ ಕರೆ ಎಂದು ನಾನು ಒಂದು ದಿನವೂ ಅಂದುಕೊಂಡವನಲ್ಲ. ಅವಳು ಬಳೆಯನ್ನು ಬೇಡ ಎಂದದ್ದಲ್ಲ, ಮುಗಿಸಬೇಡ ಎಂದದ್ದು. ನಾನು ಹೆಡ್ಡ. ಇದನ್ನು ಗಟ್ಟಿಯಾಗಿಯೇ ಹೇಳಿದೆ.

"ಅದು ಎಲ್ಲರಿಗೂ ಗೊತ್ತುಂಟು" ಎಂದಳು ತಂಗಿ, ಮೂಗು ಒರೆಸಿಕೊಂಡು ನಗುತ್ತ.

ನಗು ಬಂದ ಮೇಲೆ ದಾರಿ ಸುಲಭವಾಯಿತು. ತಂಗಿ ಚಟ್ಟುಗವನ್ನೇ ನನ್ನ ಕಡೆ ಚಾಚಿ ಷರತ್ತು ಹಾಕಿದಳು. ಸೈನ್ ಹಾಕುತ್ತೇನೆ. ಆದರೆ ಶೇರು ಏರಿತೋ ಇಳಿಯಿತೋ, ಕಂಪನಿ ಏನು ಮಾಡುತ್ತಿದೆ, ಎಲ್ಲ ಪ್ರತಿ ಭಾನುವಾರ ನೀನು ಇವಳಿಗೆ ಫೋನ್ ಮಾಡಿ ವರದಿ ಕೊಡಬೇಕು. ಇಂಗ್ಲಿಷಿನಲ್ಲಿ ಅಲ್ಲ. ಹದಿನೆಂಟು ತುಂಬುವ ತನಕ.

"ಎಂಟು ವರ್ಷ!" ಎಂದಳು ಸೊಸೆ, ಗಾಬರಿಯಿಂದ, ಕನ್ನಡದಲ್ಲಿಯೇ.

ನೆನೆದ ಫಾರ್ಮು ನಡೆಯುವುದಿಲ್ಲವೆಂದು ನನ್ನ ಹೆಂಡತಿ ಎಲ್ಲರನ್ನೂ ಕಾರಿನಲ್ಲಿ ತುಂಬಿ ಹತ್ತಿರದ ಲೈಬ್ರರಿಗೆ ಓಡಿಸಿದಳು. ಹೊಸದನ್ನು ಪ್ರಿಂಟ್ ಮಾಡಿ, ಪ್ರಿಂಟರಿನ ಪಕ್ಕದ ಕಟ್ಟೆಯ ಮೇಲೆಯೇ ನಾನು ಸಹಿ ಹಾಕಿದೆ, ನನ್ನ ಕೆಳಗೆ ತಂಗಿ ಹಾಕಿದಳು. ಅವಳ ಕೈಯಿಂದ ದೋಸೆಯ ವಾಸನೆ ಬರುತ್ತಿತ್ತು. ಪೆನ್ನು ಮುಚ್ಚಿ ಕೊಡುವಾಗ ಮೆಲ್ಲಗೆ, "ಎರಡನೆಯ ಬಳೆ ತೆಗಿಯುವಾಗ ಅಮ್ಮ ಎಷ್ಟು ಕೂಗಿದ್ದು, ನೆನಪುಂಟಾ?" ಎಂದಳು. ಲೈಬ್ರರಿಯಲ್ಲಿ ಅಷ್ಟು ಗಟ್ಟಿಯಾಗಿ ನಗಬಾರದು. ಕುಂಕುಮದ ಬೊಟ್ಟಿನ ಮೊದಲ ಫಾರ್ಮು ಒಣಗಿ ಸುರುಟಿಕೊಂಡು ಕ್ರಾನ್‌ಬರ್ನ್‌ನ ದೇವರ ಮಣೆಯ ಕೆಳಗೆ ಉಂಟು. ಅಮ್ಮನ ಪ್ರಕಾರ ಅಸಲು ಅದೇ.

ಮುಂದಿನ ಭಾನುವಾರ ಬೆಳಿಗ್ಗೆ ನಾನು ಫೋನ್ ಎತ್ತುವ ಮೊದಲೇ ಅದು ಬಡಿದುಕೊಂಡಿತು. ಹಳೆಯ ಸೋಫಾದ ಗಟ್ಟಿ ಮೂಲೆಯಲ್ಲಿ ಕೂತಿದ್ದೆ. ಹಿಂದಿನಿಂದ ತಂಗಿ ಹೇಳಿಕೊಡುವುದು ಕೇಳುತ್ತಿತ್ತು, ಸೊಸೆ ಒಂದೊಂದೇ ಶಬ್ದ ಜೋಡಿಸುತ್ತಿದ್ದಳು.

"ಮಾಮ, ಇವತ್ತು ನನ್ನ ಬಳೆ ಏರಿತಾ, ಇಳಿತಾ?"

ಭಾನುವಾರ ಮಾರುಕಟ್ಟೆ ಮುಚ್ಚಿರುತ್ತದೆ. ಶುಕ್ರವಾರ ಸಂಜೆ ಎಲ್ಲಿ ನಿಂತಿತ್ತೋ ಅಲ್ಲಿಯೇ ಇರುತ್ತದೆ. ಅದನ್ನು ಹೇಳಿದರೆ ಮಾತು ಅರ್ಧ ನಿಮಿಷಕ್ಕೆ ಮುಗಿದೀತು.

"ತಡಿ, ನೋಡಿ ಹೇಳ್ತೇನೆ" ಎಂದೆ. "ಅಷ್ಟರಲ್ಲಿ ನೀನು ಹೇಳು, ಅಲ್ಲಿ ಹವೆ ಹೇಗುಂಟು? ಅಮ್ಮ ಎಂತ ತಿಂಡಿ ಮಾಡಿದ್ದು?"